ಗೆಳೆಯನಿಗೊಂದು ಪತ್ರ: ವಾಸನೆಗೆ ಹಾರ್ಮೋನು ಅಲುಗುತ್ತದೆಯೇ?

ಪ್ರಿಯ ಗೆಳೆಯಾ,

ನಿನ್ನ ಯೋಜನೆ ಓದಿದೆ. 20 ಜನರಿಗೆ ವಾಸನೆ, ಬೇರೆ 20 ಜನರಿಗೆ ಬರೀ ಎಣ್ಣೆ, ಕೊನೆಗೆ ಒಮ್ಮೆ ಜೊಲ್ಲಿನಲ್ಲಿ ಹಾರ್ಮೋನಿನ ಅಳತೆ. ದಯವಿಟ್ಟು ಹಾಗೆ ಮಾಡಬೇಡ. ಲೈಂಗಿಕ ಹಾರ್ಮೋನಾದ ಟೆಸ್ಟೋಸ್ಟೆರಾನ್ ಮಟ್ಟ ಒಬ್ಬರಿಗಿಂತ ಒಬ್ಬರಲ್ಲಿ ಎಷ್ಟು ಬೇರೆಯೆಂದರೆ, ವಾಸನೆ ತರುವ ಸಣ್ಣ ಏರಿಳಿತ ಅದರಲ್ಲೇ ಮುಳುಗಿಹೋಗುತ್ತದೆ. ಅದೇ ವ್ಯಕ್ತಿಯನ್ನು ಎರಡು ದಿನ ಕರೆಸು, ಒಂದು ದಿನ ವಾಸನೆ, ಇನ್ನೊಂದು ದಿನ ಹೋಲಿಕೆಯ ಸೀಸೆ. ಅವರಿಗೆ ಅವರೇ ಜೋಡಿ. ಎರಡು ದಿನದ ಅಳತೆಗಳ ಸಹಸಂಬಂಧ 0.75 ಇದ್ದರೆ, ಸರಾಸರಿ ವ್ಯತ್ಯಾಸದ ವೇರಿಯನ್ಸ್ (ಚದುರುವಿಕೆಯ ಅಳತೆ) ನಿನ್ನ ಎರಡು ಗುಂಪಿನ ಯೋಜನೆಯದರ ಕಾಲು ಭಾಗಕ್ಕೆ ಇಳಿಯುತ್ತದೆ.

ಮೊದಲ ಭೇಟಿಯ ಅಳುಕಿಗೇ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಏರುತ್ತದೆ. ಆದ್ದರಿಂದ ಚೀಟಿ ಎತ್ತಿ, ಅರ್ಧ ಜನಕ್ಕೆ ವಾಸನೆ ಮೊದಲು, ಉಳಿದರ್ಧಕ್ಕೆ ಆಮೇಲೆ. ಎರಡೂ ದಿನ ಒಂದೇ ಗಂಟೆಗೆ ಕರೆಸು, ಮಧ್ಯಾಹ್ನವಾದರೆ ಒಳ್ಳೆಯದು. ಬೆಳಿಗ್ಗೆ ಎರಡೂ ಹಾರ್ಮೋನು ತಾವಾಗಿಯೇ ಬೇಗ ಬೇಗ ಇಳಿಯುತ್ತಿರುತ್ತವೆ. ಹೆಂಗಸರಿಗಾದರೆ ಮುಂದಿನ ಋತುಚಕ್ರದ ಅದೇ ಹಂತದಲ್ಲಿ ಎರಡನೆಯ ಭೇಟಿ.

ವಾಸನೆಯೇ ಇಲ್ಲದ ಸೀಸೆ ಹೋಲಿಕೆಗೆ ಸಾಲದು, ಮೂಸಿದವರಿಗೆ ಗುಟ್ಟು ಗೊತ್ತಾಗಿಬಿಡುತ್ತದೆ. 2007ರಲ್ಲಿ ಗಂಡಸರ ಬೆವರಿನ ಆಂಡ್ರೋಸ್ಟಾಡೈಯಿನೋನ್ ಎಂಬ ರಾಸಾಯನಿಕವನ್ನು ಹೆಂಗಸರಿಗೆ ಮೂಸಲು ಕೊಟ್ಟು ಕಾರ್ಟಿಸಾಲ್ ಅಳೆದವರು ಹೋಲಿಕೆಗೆ ಯೀಸ್ಟ್ ಇಟ್ಟಿದ್ದರು, ಅದಕ್ಕೂ ತನ್ನದೇ ವಾಸನೆಯಿದೆಯಲ್ಲ. ಸೀಸೆಗೆ ಗುರುತುಸಂಖ್ಯೆ ಹಚ್ಚುವವರು ಬೇರೆ, ಕೊಡುವವರು ಬೇರೆ ಇರಲಿ.

ಹೆಚ್ಚಿನ ಪ್ರಯೋಗ ಕೆಡುವುದು ಜೊಲ್ಲಿನಲ್ಲಿ. ಹತ್ತಿ ಬೇಡ, ಅದು ಟೆಸ್ಟೋಸ್ಟೆರಾನ್ ಅಳತೆಯನ್ನು ಕೆಡಿಸುತ್ತದೆ. ಬಾಯಿಂದ ನೇರ ಕೊಳವೆಗೆ 2 ಮಿ.ಲೀ. ಇಳಿಯಲಿ. ಅದಕ್ಕೆ ಒಂದು ಗಂಟೆ ಮೊದಲಿನಿಂದ ಊಟ, ಹಲ್ಲುಜ್ಜುವುದು ಬೇಡ. ವಸಡಿನ ರಕ್ತ ಸೇರಿ ಗುಲಾಬಿ ಬಣ್ಣ ಬಂದರೆ ಚೆಲ್ಲಿಬಿಡು, ಅಳತೆ ಸುಳ್ಳೇ ಏರುತ್ತದೆ. ಮೂಸುವ ಮೊದಲೊಮ್ಮೆ, ಆಮೇಲೆ 20 ಮತ್ತು 40ನೇ ನಿಮಿಷಕ್ಕೆ ತೆಗೆದುಕೋ. 5ನೇ ನಿಮಿಷಕ್ಕೇ ನಿಲ್ಲಿಸಿದರೆ ಕಾರ್ಟಿಸಾಲ್ ಇನ್ನೂ ಜೊಲ್ಲಿಗೆ ಇಳಿದಿರುವುದಿಲ್ಲ. ಮೈನಸ್ 20 ಡಿಗ್ರಿಯಲ್ಲಿಡು. ಒಬ್ಬರ ಎರಡೂ ದಿನದ ಮಾದರಿಗಳು ಒಂದೇ ಪ್ಲೇಟಿನಲ್ಲಿ (ಹಲವು ಮಾದರಿಗಳನ್ನು ಒಟ್ಟಿಗೆ ಅಳೆಯುವ ಗುಳಿಗಳ ತಟ್ಟೆ) ಅಳೆಯಲ್ಪಡಲೇಬೇಕು. ಬೇರೆ ಬೇರೆ ಪ್ಲೇಟಿಗೆ ಹೋದರೆ ಪ್ಲೇಟಿನ ವ್ಯತ್ಯಾಸವೇ ಜೋಡಿಯೊಳಗೆ ನುಸುಳುತ್ತದೆ. ಇದನ್ನು ಪ್ರಯೋಗಾಲಯಕ್ಕೆ ಬರೆದೇ ಕೊಡು.

ಲೆಕ್ಕ ಸುಲಭ. ಅಳತೆಗಳ ಲಾಗ್ (ಲಾಗರಿದಮ್) ತೆಗೆದು, ಪ್ರತಿ ದಿನದ ಏರಿಕೆ ಕಂಡು, ವಾಸನೆಯ ದಿನದ್ದರಿಂದ ಹೋಲಿಕೆಯ ದಿನದ್ದನ್ನು ಕಳೆ: ಒಬ್ಬರಿಗೆ ಒಂದೇ ಸಂಖ್ಯೆ. 20 ಜನರ ಸರಾಸರಿ 0.12, ಪ್ರಮಾಣಿತ ವಿಚಲನೆ 0.24 ಬಂತೆನ್ನು; ಟಿ ಬೆಲೆ (ಸರಾಸರಿಯನ್ನು ಅದರ ಅನಿಶ್ಚಿತತೆಯಿಂದ ಭಾಗಿಸಿದ್ದು) 2.24, ಬರೀ ಆಕಸ್ಮಿಕವಲ್ಲ ಎನ್ನಲು ದಾಟಬೇಕಾದ ಗಡಿ 2.09, ದಾಟಿತು. 16 ಜನರೇ ಆಗಿದ್ದರೆ ಟಿ 2.00, ಗಡಿ 2.13; ದಾಟದು. ಇಷ್ಟೇ ಪರಿಣಾಮವನ್ನು ಹತ್ತರಲ್ಲಿ ಎಂಟು ಸಲ ಹಿಡಿಯಲು 34 ಜನ ಬೇಕು. ಎರಡನೆಯ ದಿನ ಬಾರದವರ ಮೊದಲ ದಿನವೂ ವ್ಯರ್ಥ, ಹಾಗಾಗಿ 40 ಜನರನ್ನು ಒಪ್ಪಿಸಿಟ್ಟುಕೋ.

ಇಂತಿ,
ನಿನ್ನ ಗೆಳೆಯ