ಮನೋರೋಗಿಯನ್ನು ಕೊಲೆಗಾರ ಮಾಡಿದ್ದು ಸಾಕು: ವಾರ್ತಾ ಮತ್ತು ಪ್ರಸಾರ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಸೈಕಲಾಜಿಕಲ್ ಥ್ರಿಲ್ಲರ್ ಸಿನಿಮಾಗಳನ್ನು ಸೆನ್ಸಾರ್‌ಗೆ ನೋಡುವವರ ಸಾಲಿನಲ್ಲಿ ಒಬ್ಬ ಮನೋವೈದ್ಯರೂ, ಮನೋರೋಗದೊಂದಿಗೆ ಬದುಕುತ್ತಿರುವ ಒಬ್ಬರೂ ಕೂರಬೇಕು. ನಮ್ಮ ಬೇಡಿಕೆ ಇದು. ಹೊಸದೇನೂ ಅಲ್ಲ. ಸಿನಿಮಾ ಅಂಗವಿಕಲರನ್ನು ತೋರಿಸುವ ರೀತಿಯ ಬಗ್ಗೆ ನಿಪುಣ್ ಮಲ್ಹೋತ್ರಾ ಹೂಡಿದ್ದ ಪ್ರಕರಣದಲ್ಲಿ 2024ರ ಜುಲೈ 8ರಂದು ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಸಮಿತಿ ರಚಿಸುವಾಗ, ತಜ್ಞರ ಅಭಿಪ್ರಾಯ ಪಡೆಯುವಾಗ ಅಂಗವಿಕಲರ ಪಾಲ್ಗೊಳ್ಳುವಿಕೆ ಇರಬೇಕು, ಕಾಯಿಲೆಯನ್ನು ತಪ್ಪಾಗಿ ತೋರಿಸಬಾರದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಮನೋರೋಗವೂ ಇದೆ. ಇದೆಲ್ಲ ತಮಗೆ ತಿಳಿಯದ್ದಲ್ಲ.

ಚಿಕಿತ್ಸೆಯೆಂದು ರೋಗಿಯ ತಲೆಗೆ ಕರೆಂಟ್ ಕೊಡುವ (ಇಸಿಟಿ) ದೃಶ್ಯ ಒಂದನ್ನೇ ತೆಗೆದುಕೊಳ್ಳಿ. ಪರದೆಯ ಮೇಲೆ ರೋಗಿಗೆ ಪೂರ್ತಿ ಎಚ್ಚರ, ಮಂಚಕ್ಕೆ ಬಿಗಿದ ಕೈಕಾಲು, ನಿಲ್ಲದ ಕಿರುಚಾಟ. ಆಸ್ಪತ್ರೆಯಲ್ಲಿ ರೋಗಿ ಖಾಲಿ ಹೊಟ್ಟೆಯಲ್ಲಿ ಬರುತ್ತಾರೆ. ರಕ್ತನಾಳಕ್ಕೆ ಅರಿವಳಿಕೆ ಕೊಟ್ಟು, ಪೂರ್ತಿ ನಿದ್ದೆ ಹೋದ ಮೇಲೆ ಸ್ನಾಯು ಸಡಿಲಿಸುವ ಮದ್ದು ಕೊಡುತ್ತಾರೆ. ಹಲ್ಲುಗಳ ನಡುವೆ ಮೆತ್ತನೆಯ ಬೈಟ್ ಬ್ಲಾಕ್, ಮಾಸ್ಕ್‌ನಲ್ಲಿ ಆಕ್ಸಿಜನ್, ಆಮೇಲೆ ಕೆಲವೇ ಸೆಕೆಂಡು ಕರೆಂಟ್. ಅದರಿಂದ ಬರುವ ಫಿಟ್ಸ್ ಸಾಮಾನ್ಯವಾಗಿ ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಅದು ಕಾಣುವುದು ಮೆದುಳಿನ ವಿದ್ಯುತ್ ಚಟುವಟಿಕೆ ದಾಖಲಿಸುವ ಇಇಜಿ ಗೆರೆಗಳಲ್ಲಿ, ದೇಹದಲ್ಲಿ ಕಾಲ್ಬೆರಳು ಅಲುಗಿದರೆ ಹೆಚ್ಚು. ಅರಿವಳಿಕೆ ಇಲ್ಲದೆ ಕರೆಂಟ್ ಕೊಡುವುದನ್ನೂ, ರೋಗಿಗೆ ಸರಪಳಿ ಹಾಕುವುದನ್ನೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೇ ಕಲಂ ನಿಷೇಧಿಸಿದೆ. ಕಾಯ್ದೆ ಅಪರಾಧವೆಂದದ್ದು ಸಿನಿಮಾದಲ್ಲಿ ಚಿಕಿತ್ಸೆಯಾಗಿ ಪಾಸಾಗುತ್ತದೆ!

ಇದರ ಏಟು ಬೀಳುವುದು ವಾರ್ಡಿನಲ್ಲಿ. ಅನ್ನ ನೀರು ಬಿಟ್ಟು ಮರಗಟ್ಟಿ ಕೂತವರಿಗೆ, ಸಾಯಲೇಬೇಕೆಂದು ಹಠ ಹಿಡಿದ ಖಿನ್ನತೆಯವರಿಗೆ ಬೇಗ ಕೈಹಿಡಿಯುವ ಚಿಕಿತ್ಸೆ ಇದು. ‘ಶಾಕ್ ಮಾತ್ರ ಬೇಡ ಡಾಕ್ಟ್ರೇ’ ಎಂದು ಮನೆಯವರು ಕೈಮುಗಿಯುತ್ತಾರೆ, ಡಿಸ್ಚಾರ್ಜ್ ಬರೆಸಿಕೊಂಡು ಹೋಗುತ್ತಾರೆ. ಅವರು ಶಾಕ್ ನೋಡಿರುವುದು ಸಿನಿಮಾದಲ್ಲಿ ಮಾತ್ರ.

ಕ್ಲೈಮ್ಯಾಕ್ಸ್‌ನಲ್ಲಿ ಡಾಕ್ಟರ್ ಪಾತ್ರ ಬಂದು ‘ಸ್ಕಿಜೋಫ್ರೇನಿಯಾ, ಅಂದರೆ ಸ್ಪ್ಲಿಟ್ ಪರ್ಸನಾಲಿಟಿ’ ಎನ್ನುತ್ತದೆ. ಅವು ಎರಡು ಬೇರೆ ಬೇರೆ ಕಾಯಿಲೆ. ಸ್ಕಿಜೋಫ್ರೇನಿಯಾದಲ್ಲಿ ಇಲ್ಲದ ದನಿ ಕೇಳಿಸುತ್ತದೆ, ಸುಳ್ಳು ನಂಬಿಕೆ ಗಟ್ಟಿಯಾಗುತ್ತದೆ, ಮಾತು ಮತ್ತು ಉತ್ಸಾಹ ಬತ್ತುತ್ತವೆ; ಒಬ್ಬರೊಳಗೆ ಇನ್ನೊಬ್ಬರು ಎದ್ದು ಬರುವುದಿಲ್ಲ. ಸೀರೆ ಉಟ್ಟ ಗಂಡಸನ್ನು ಕೊಲೆಗಾರನಾಗಿಸುವ ಹಳೇ ಚಾಳಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಮಾಡುತ್ತಿರುವುದೂ ಇದೇ ಅನ್ಯಾಯ.

ನಮ್ಮ ಕನ್ನಡಕ್ಕೆ ಬೇರೆ ದಾರಿ ಗೊತ್ತಿತ್ತು. ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲ್ ಮಾಡಿದ ‘ಶರಪಂಜರ’ದಲ್ಲಿ ಗುಣವಾಗಿ ಮನೆಗೆ ಬಂದ ಕಾವೇರಿಯನ್ನು ಮತ್ತೆ ಮುರಿಯುವುದು ಮನೆಯವರ ನಡವಳಿಕೆ. ಎದೆ ನಡುಗುವುದು ಅಲ್ಲಿ, ಚಾಕು ನೋಡಿ ಅಲ್ಲ.

ನಾವು ಕತ್ತರಿ ಕೇಳುತ್ತಿಲ್ಲ. ‘ಹುಚ್ಚ’ ಎಂಬ ಮಾತಿಗೆ ಬೀಪ್ ಹಾಕಿ ಇಡೀ ದೃಶ್ಯವನ್ನು ಹಾಗೇ ಬಿಡುವುದರಿಂದ ಯಾರಿಗೂ ಉಪಯೋಗವಿಲ್ಲ. ಚಿತ್ರ ಮುಗಿದ ಮೇಲೆ ರೀಶೂಟ್ ಎಂದರೆ ನಿರ್ಮಾಪಕರ ದುಡ್ಡೂ ಹಾಳು. ಡಾಕ್ಟರ್ ಹೇಳುವ ಎರಡು ಸಾಲು ಡಬ್ಬಿಂಗ್‌ನಲ್ಲೇ ಸರಿಹೋಗುತ್ತದೆ, ತಪ್ಪು ಎಲ್ಲಿದೆ ಎಂದು ಹೇಳುವವರು ಸೆನ್ಸಾರ್ ಪ್ರದರ್ಶನದ ಕೋಣೆಯಲ್ಲಿ ಇರಬೇಕಷ್ಟೆ. ಕಥಾಸಾರದಲ್ಲಿ ಮನೋರೋಗದ ಪ್ರಸ್ತಾಪ ಕಂಡ ಕೂಡಲೇ ಮೊದಲ ಪ್ರದರ್ಶನಕ್ಕೇ ಇಬ್ಬರನ್ನೂ ಕರೆಸಿ. ಸಿಗರೇಟ್ ಕಂಡರೆ 30 ಸೆಕೆಂಡಿನ ಎಚ್ಚರಿಕೆ ಕಡ್ಡಾಯ ಮಾಡಿದ ಸರ್ಕಾರ ಇಲ್ಲಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನೂ ಕಡ್ಡಾಯ ಮಾಡಲಿ.

ಸೆನ್ಸಾರ್ ಮಂಡಳಿಯ ಒಂಬತ್ತೂ ಪ್ರಾದೇಶಿಕ ಕಚೇರಿಗಳ ಸಲಹಾ ಸಮಿತಿಗಳಿಗೆ ಇಬ್ಬರಿಬ್ಬರನ್ನು ನೇಮಿಸಿ ಆದೇಶ ಹೊರಡಿಸಿ. ಒಬ್ಬ ಮನೋವೈದ್ಯರು, ಕಾಯಿಲೆಯನ್ನು ಉಂಡು ಬಲ್ಲ ಒಬ್ಬರು. ಕೇಳಿ ಕೇಳಿ ಸಾಕಾಗಿದೆ ಸ್ವಾಮಿ, ಆದೇಶ ಹೊರಡಿಸಿ.

ಇಂತಿ,
ಮನೋರೋಗಿಗಳ ಆರೈಕೆಯಲ್ಲಿ ದುಡಿಯುವವರು