ವೇಗದ ಬೌಲರ್‌ಗಳ ಹುಡುಕಾಟ ತಾಲ್ಲೂಕಿನಿಂದ ಶುರುವಾಗಲಿ

ಮಾನ್ಯ ಸಂಪಾದಕರೇ,

ನಮ್ಮ ಕ್ರಿಕೆಟ್‌ಗೆ ವೇಗದ ಬೌಲರ್‌ಗಳನ್ನು ಹುಡುಕುವಲ್ಲಿ ಬೇಸ್‌ಬಾಲ್‌ನಿಂದ ಕಲಿಯುವುದಿದೆ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ ಮೈದಾನಗಳಲ್ಲಿ 2015ರಿಂದ ಸ್ಟಾಟ್‌ಕಾಸ್ಟ್ ವ್ಯವಸ್ಥೆಯು ಪ್ರತಿ ಎಸೆತದ ವೇಗವನ್ನೂ ಚೆಂಡು ತಿರುಗುವ ದರವನ್ನೂ ದಾಖಲಿಸುತ್ತಿದ್ದು, ಯಾವ ಪಿಚರ್ (ಚೆಂಡೆಸೆಯುವ ಆಟಗಾರ) ಯಾವ ಎಸೆತವನ್ನು ಹೆಚ್ಚು ಬಳಸಬೇಕೆಂಬುದನ್ನು ತಂಡಗಳು ಈ ಮಾಹಿತಿಯ ನೆರವಿನಿಂದ ನಿರ್ಧರಿಸುತ್ತಿವೆ. ಆದರೂ ಊರೂರು ಸುತ್ತಿ ಶಾಲಾ ಪಂದ್ಯಗಳನ್ನು ನೋಡಿ ಪ್ರತಿಭೆ ಹುಡುಕುವ ಸ್ಕೌಟ್‌ಗಳನ್ನು ಅವು ಕೈಬಿಟ್ಟಿಲ್ಲ. ಪೆಟ್ಟು ತಿಂದ ಮೇಲೂ ಹುಡುಗ ಎದೆಗುಂದದೆ ನಿಲ್ಲುವನೇ ಎಂಬುದನ್ನು ಯಂತ್ರ ಹೇಳಲಾರದು. ಬೇಸ್‌ಬಾಲ್ ಆಡಿಯೇ ಇರದ ಉತ್ತರ ಪ್ರದೇಶದ ರಿಂಕು ಸಿಂಗ್ (ಕ್ರಿಕೆಟಿಗ ರಿಂಕು ಅಲ್ಲ) ಮತ್ತು ದಿನೇಶ್ ಪಟೇಲ್ 2008ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ಪೈರೇಟ್ಸ್ ಬೇಸ್‌ಬಾಲ್ ಸಂಸ್ಥೆಯನ್ನು ಸೇರಲು ಸಾಧ್ಯವಾದದ್ದು, ಎಸೆತದ ವೇಗ ಅಳೆಯುವ ಸ್ಪರ್ಧೆಯೊಂದು ಅವರಿದ್ದಲ್ಲಿಗೇ ಬಂದಿದ್ದರಿಂದ.

ಭಾರತ ತಂಡದ ವೇಗದ ಬೌಲರ್‌ಗಳಾಗಿದ್ದ ಶ್ರೀನಾಥರ ಹೆಸರಿನೊಡನಿರುವ ಜಾವಗಲ್, ಡೇವಿಡ್ ಜಾನ್ಸನ್ ಹುಟ್ಟಿದ ಅರಸೀಕೆರೆ, ಇವೆರಡೂ ನಮ್ಮ ಹಾಸನ ಜಿಲ್ಲೆಯವೇ. ಇಂಥ ನೆಲದಲ್ಲಿ ತಾಲ್ಲೂಕು ಮಟ್ಟದ ಪಂದ್ಯಗಳಿಗೂ ಅನುಭವಿ ಆಯ್ಕೆಗಾರರು ಬರಬೇಕು, ವೇಗ ಅಳೆಯುವ ಸಾಧನ ಬೇಕು. ಇವೆರಡಕ್ಕಿಂತ ಮುಖ್ಯವಾಗಿ, ಬೆಳೆಯುವ ಹುಡುಗ ಹುಡುಗಿಯರು ವಾರಕ್ಕೆ ಎಷ್ಟು ಎಸೆತ ಹಾಕಿದರೆಂಬ ಲೆಕ್ಕವನ್ನು ತರಬೇತುದಾರರು ತಪ್ಪದೇ ಇಡಬೇಕು. ವೇಗದ ಬೆನ್ನು ಹತ್ತಿ ಮೊಣಕೈ ಶಸ್ತ್ರಚಿಕಿತ್ಸೆಗೆ ಒಳಗಾದ ಪಿಚರ್‌ಗಳು ಅಮೆರಿಕದಲ್ಲಿ ಅನೇಕರಿದ್ದಾರೆ. ಜಿಲ್ಲಾ ಕ್ರೀಡಾ ಇಲಾಖೆ ಈ ವರ್ಷವೇ ಇದನ್ನು ಕೈಗೆತ್ತಿಕೊಳ್ಳಬೇಕೆಂದು ವಿನಂತಿಸುತ್ತೇನೆ.

— ಒಬ್ಬ ಕ್ರೀಡಾಭಿಮಾನಿ, ಹಾಸನ