ತಬಲಾದ ನಾದವೂ ಭೌತಶಾಸ್ತ್ರದ ವಿಷಯವೇ

ಮಾನ್ಯ ಸಂಪಾದಕರೆ,

ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿರುವ ನನ್ನ ಮಗಳು ಅಂತಿಮ ವರ್ಷದ ಪ್ರಾಜೆಕ್ಟಿಗೆ ತಬಲಾದ ನಾದವನ್ನು ಆರಿಸಿಕೊಂಡಾಗ, ‘ಅದು ಸಂಗೀತದವರ ಕೆಲಸ, ಬೇರೆ ಏನಾದರೂ ನೋಡು’ ಎಂಬ ಉತ್ತರ ಬಂತು. ಹೇಳಿದವರು ಯಾರೆಂಬುದು ಇಲ್ಲಿ ಮುಖ್ಯವಲ್ಲ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ, ಅಮಾವಾಸ್ಯೆಯ ಭಜನೆಗಳಲ್ಲಿ ಕಡಕೋಳ ಮಡಿವಾಳಪ್ಪನವರ ತತ್ವಪದಗಳಿಗೆ ತಬಲಾ ನುಡಿಸುತ್ತ ಬಂದ ನನಗೆ ಆ ಮಾತಿನ ಹಿಂದಿನ ತಿಳಿವಳಿಕೆಯೇ ತಪ್ಪೆನಿಸಿದ್ದರಿಂದ ಈ ಪತ್ರ.

ಸಿ.ವಿ. ರಾಮನ್ ಎಂದರೆ ನಮಗೆ 1928ರ ಬೆಳಕಿನ ಚದರುವಿಕೆ ಮಾತ್ರ ನೆನಪಾಗುತ್ತದೆ. ಅದಕ್ಕೂ ಎಂಟು ವರ್ಷ ಮೊದಲೇ ಅವರು ಶಿವಕಾಳಿ ಕುಮಾರ್ ಅವರೊಡನೆ ನಮ್ಮ ಚರ್ಮವಾದ್ಯಗಳ ನಾದದ ಕುರಿತು ‘ನೇಚರ್’ ಪತ್ರಿಕೆಗೆ ಬರೆದಿದ್ದರು. ಎಲ್ಲ ಕಡೆ ಒಂದೇ ದಪ್ಪವಿರುವ ಬಿಗಿದ ಚರ್ಮವನ್ನು ಬಡಿದರೆ ಮೂಲಸ್ವರದ ಜೊತೆಗೆ ಅದರ 1.59, 2.14, 2.30 ಪಟ್ಟಿನ ಸ್ವರಗಳು ಏಳುತ್ತವೆ; ಅವು ಒಂದಕ್ಕೊಂದು ಹೊಂದದ ಕಾರಣ ಸದ್ದು ಬರುತ್ತದೆಯೇ ಹೊರತು ಶ್ರುತಿ ನಿಲ್ಲುವುದಿಲ್ಲ. ನಡುವೆ ಪದರಪದರವಾಗಿ ಶಾಹಿ, ಅಂದರೆ ತಬಲಾದ ಮೇಲೆ ಕಾಣುವ ಕಪ್ಪು ಲೇಪ, ಹಾಕಿ ತೂಕ ಕೂಡಿಸಿದಾಗ ಅವೇ ಸ್ವರಗಳು ಹೆಚ್ಚುಕಡಿಮೆ ಪೂರ್ಣಾಂಕದ ಪಟ್ಟುಗಳಿಗೆ ಸರಿದು ಕೂಡಿಕೊಳ್ಳುತ್ತವೆ. ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ರಾಮನ್ ಇದನ್ನು ವಿಸ್ತಾರವಾಗಿ ಪ್ರಕಟಿಸಿದರು. ಸಮೀಕರಣದ ಗೊಡವೆಯಿಲ್ಲದೆ ಕಿವಿಯನ್ನೇ ನಂಬಿ ಶಾಹಿ ತಿಕ್ಕಿದ ಕೈಗಳು ಮಾತ್ರ ಆ ಕೆಲಸವನ್ನು ಎಷ್ಟೋ ಮೊದಲೇ ಮುಗಿಸಿದ್ದವು!

ಮಗಳ ಪ್ರಶ್ನೆ ನಮ್ಮ ಕಲಬುರಗಿಯದೇ. ಏಪ್ರಿಲ್–ಮೇ ತಿಂಗಳ ಬಿಸಿಲಿಗೆ ಚರ್ಮ ಒಣಗಿ ಬಿಗಿದು ತಬಲಾದ ಶ್ರುತಿ ಏರುತ್ತದೆ, ಮಳೆಗಾಲದ ತೇವಕ್ಕೆ ಇಳಿಯುತ್ತದೆ. ನುಡಿಸುವವರಿಗೆಲ್ಲ ಗೊತ್ತಿರುವ, ಹಾಡಿನ ನಡುವೆ ಸುತ್ತಿಗೆ ಹುಡುಕಿಸುವ ಈ ಕಾಟ ಎಷ್ಟು ತೇವಾಂಶಕ್ಕೆ ಎಷ್ಟು ಹರ್ಟ್ಸ್ ಎಂದು ಅಳೆಯುವುದು ಅವಳ ಉದ್ದೇಶ. ಅದಕ್ಕೆ ಬೇಕಾದುದು ಒಂದು ಮೈಕು, ತಾಪಮಾಪಕ, ತೇವಾಂಶಮಾಪಕ ಮತ್ತು ಶ್ರುತಿ ಹಿಡಿಯಬಲ್ಲ ಕಿವಿ. ಕೊನೆಯದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಇಂಥ ಪ್ರಾಜೆಕ್ಟಿಗೆ ವಿಜ್ಞಾನ ವಿಭಾಗದ ಮಾರ್ಗದರ್ಶಕರ ಜೊತೆ ಸಂಗೀತದ ಅಧ್ಯಾಪಕರೊಬ್ಬರನ್ನು ಸಹಮಾರ್ಗದರ್ಶಕರನ್ನಾಗಿ ನೇಮಿಸಲು ಈ ಭಾಗದ ವಿಶ್ವವಿದ್ಯಾಲಯಗಳು ಅವಕಾಶ ಮಾಡಿಕೊಡಬೇಕು. ಮೌಲ್ಯಮಾಪನದಲ್ಲಿಯೂ ಇಬ್ಬರಿಗೂ ಪಾಲಿರಲಿ. ವಿಷಯ ಒಪ್ಪಿಸುವ ದಿನಾಂಕ ಹತ್ತಿರವಿರುವುದರಿಂದ ಈ ವರ್ಷವೇ ಇದು ಆದರೆ ಅನುಕೂಲ.

— ನಿವೃತ್ತ ವಿಜ್ಞಾನ ಶಿಕ್ಷಕ, ಕಲಬುರಗಿ